"ದೇವರು ನೋಡಿಕೊಳ್ಳುತ್ತಾನೆ" ಎನ್ನುವವರು ಇನ್ಷೂರೆನ್ಸ್ ಯಾಕೆ ಕಟ್ಟುತ್ತಾರೆ?

ನಿಮ್ಮ ಆಫೀಸಿನ ಕ್ರೈಸ್ತ ಗೆಳೆಯರೊಬ್ಬರು ಮಾತೆತ್ತಿದರೆ "ದೇವರು ನೋಡಿಕೊಳ್ಳುತ್ತಾನೆ" ಎನ್ನುತ್ತಾರೆ, ಆದರೆ ಆರೋಗ್ಯ ವಿಮೆ ಮಾತ್ರ ತಪ್ಪದೆ ಕಟ್ಟುತ್ತಾರೆ, ಇದು ನಂಬಿಕೆಯಾ ಬಾಯಿಮಾತಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಚರ್ಚ್) ಸಭೆಯವಳು. ನಾನೂ ವಿಮೆ ಕಟ್ಟುತ್ತೇನೆ. ಹಾಗಾಗಿ ಪ್ರಶ್ನೆ ನನಗೂ ತಾಗಿತು.

ಬೈಬಲ್ಲಿನ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ನೋಡಿ. ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಕೆಳಗೆ ಹಾರು, ದೇವದೂತರು ಎತ್ತಿಕೊಳ್ಳುತ್ತಾರೆ ಎನ್ನುತ್ತಾನೆ. ಅದಕ್ಕೆ ಬೈಬಲ್ಲಿನದೇ ಪ್ರಾರ್ಥನಾ ಹಾಡುಗಳಾದ ಕೀರ್ತನೆಗಳ ವಚನವನ್ನೇ ಆಧಾರ ಕೊಡುತ್ತಾನೆ! ಯೇಸು ಹಾರುವುದಿಲ್ಲ, ದೇವರನ್ನು ಪರೀಕ್ಷಿಸಬಾರದು ಎನ್ನುತ್ತಾನೆ. ಮಾತ್ರೆ ಬಿಟ್ಟು ಬರೀ ಪ್ರಾರ್ಥನೆ ಮಾಡಿ ಎನ್ನುವವರು ನಮ್ಮಲ್ಲೂ ಇದ್ದಾರೆ. ನನಗೆ ಅವರು ಆ ತುದಿಯಲ್ಲಿ ನಿಂತ ಹಾಗೇ ಕಾಣುತ್ತಾರೆ.

ಜಾರ್ಜ್ ಮುಲ್ಲರ್ ಕಥೆ ಕ್ರೈಸ್ತರ ಮನೆಗಳಲ್ಲಿ ಬಹಳ ಹೇಳುತ್ತಾರೆ. ಪ್ರಷ್ಯಾದಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥಾಲಯ ಶುರು ಮಾಡಿದವರು. ಯಾರ ಹತ್ತಿರವೂ ದುಡ್ಡು ಕೇಳದೆ ಪ್ರಾರ್ಥಿಸಿಯೇ ಸಾವಿರಾರು ಮಕ್ಕಳನ್ನು ಸಾಕಿದರು. ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಅವರು ಬಂದ ಕಾಣಿಕೆಗೆ ರಸೀದಿ ಕೊಡುತ್ತಿದ್ದರು, ಪ್ರತಿ ವರ್ಷ ಲೆಕ್ಕ ಅಚ್ಚು ಹಾಕಿಸುತ್ತಿದ್ದರು, ಹುಡುಗರಿಗೆ ಕೆಲಸ ಕಲಿಯುವ ಏರ್ಪಾಡು ಮಾಡುತ್ತಿದ್ದರು. ಅದನ್ನು ಯಾರೂ ಹೇಳುವುದಿಲ್ಲ. ಪವಾಡಕ್ಕಿಂತ ಆ ಲೆಕ್ಕದ ಪುಸ್ತಕವೇ ನನಗೆ ಇಷ್ಟ.

ನಮ್ಮೂರಲ್ಲೂ ಹೀಗೇ ಆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗೆ ಹಾಕಿದರು, ಕಸುಬೂ ಹೋಯಿತು. ಅವರಿಗೆ ಪ್ರಾರ್ಥನೆ ಮಾಡಿ ಅಂತ ಹೇಳಿ ಸುಮ್ನೆ ಕೂತಿದ್ದರೆ? ನೇಯ್ಗೆ ಶುರುವಾಯಿತು, ಅಚ್ಚುಕೂಟ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಹೊಟ್ಟೆಗಿಲ್ಲದವನಿಗೆ "ಸಮಾಧಾನದಿಂದ ಹೋಗು" ಎಂದು ಬರಿಗೈಯಲ್ಲಿ ಕಳಿಸಿದರೆ ಏನು ಪ್ರಯೋಜನ ಅಂತ ಬೈಬಲ್ಲಿನ ಯಾಕೋಬನ ಪತ್ರಿಕೆ ಕೇಳುವುದೂ ಇದನ್ನೇ.

ಹಾಗಾದರೆ ನಂಬಿಕೆ ಕಾಣುವುದೆಲ್ಲಿ? ನನ್ನ ಮಟ್ಟಿಗೆ ದುಡ್ಡಿನಲ್ಲಿ. ನಾಳೆಯ ಚಿಂತೆ ಬೇಡ, ಆಕಾಶದ ಹಕ್ಕಿಗಳನ್ನು ನೋಡಿ ಎಂದು ಯೇಸು ಹೇಳಿದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಮಾತು ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು ಎಂಬುದು. ಎರಡನ್ನೂ ಸೇರಿಸಿ ಓದಬೇಕು. ನಮ್ಮ ಮನೆಯಲ್ಲಿ ಸಂಬಳ ಬಂದ ದಿನವೇ ಸಭೆಯ ಪಾಲು, ಕಷ್ಟದಲ್ಲಿರುವವರ ಪಾಲು ತೆಗೆದಿಡುತ್ತೇವೆ. ತಿಂಗಳ ಕೊನೆಗೆ ಉಳಿದರೆ ಕೊಡೋಣ ಅಂದರೆ ಉಳಿಯುವುದೇ ಇಲ್ಲ, ಅಲ್ವಾ? ಮೊದಲೇ ಕೊಟ್ಟರೆ ಮುಂದೆ ಹೇಗಪ್ಪಾ ಅಂತ ಅಳುಕು ಇದ್ದೇ ಇರುತ್ತದೆ. ಆ ಅಳುಕಿದ್ದಾಗಲೂ ಕೈ ಬಿಚ್ಚುವುದೇ ನನಗೆ ಗೊತ್ತಿರುವ ನಂಬಿಕೆ. ಕೊಟ್ಟದ್ದು ದುಪ್ಪಟ್ಟಾಗಿ ವಾಪಸ್ ಬರುತ್ತದೆ ಎನ್ನುವ ಬೋಧಕರೂ ಇದ್ದಾರೆ. ಅದು ಚೀಟಿ ವ್ಯವಹಾರದ ಹಾಗೆ, ನನಗೆ ಹಿಡಿಸುವುದಿಲ್ಲ.

ಇನ್ನೊಂದು ಕಡೆಯೂ ಕಾಣುತ್ತದೆ, ಪ್ರಾರ್ಥನೆ ಫಲಿಸದಾಗ. ಅಮ್ಮನಿಗೆ ಆಪರೇಷನ್ ಆಯಿತು, ಎಲ್ಲರೂ ಪ್ರಾರ್ಥಿಸಿದೆವು, ಅಮ್ಮ ಉಳಿಯಲಿಲ್ಲ. "ದೇವರ ಚಿತ್ತ" ಎಂದು ಬೇಗನೆ ಸಮಾಧಾನ ಹೇಳಿದವರ ಮೇಲೆ ನನಗೆ ಸಿಟ್ಟೇ ಬಂತು. ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಆಗ 13ನೇ ಕೀರ್ತನೆ ಓದುತ್ತಿದ್ದೆವು. ಅದು ಶುರುವಾಗುವುದೇ ನನ್ನನ್ನು ಎಷ್ಟು ಕಾಲ ಮರೆತಿರುತ್ತೀ ಎಂಬ ಜಗಳದಿಂದ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ದೇವರ ಹತ್ತಿರ ಜಗಳ ಆಡುವವರು ಅವನನ್ನು ಇನ್ನೂ ಬಿಟ್ಟಿಲ್ಲ ಅಂತಲೇ ಲೆಕ್ಕ.

ನಿಮ್ಮ ಗೆಳೆಯರನ್ನು ವಿಮೆಯ ಕಂತು ನೋಡಿ ಅಳೆಯಬೇಡಿ. ಆಫೀಸಿನಲ್ಲಿ ಸುಳ್ಳು ಬಿಲ್ ಹಾಕಿದರೆ ಲಾಭ ಇದ್ದಾಗ, ಯಾರಾದರೂ ಸಾಲ ಕೇಳಿ ಬಂದಾಗ ಏನು ಮಾಡುತ್ತಾರೆ ನೋಡಿ. ಅದಕ್ಕಿಂತ ಒಳ್ಳೆಯದು, ಈ ಪ್ರಶ್ನೆ ಅವರನ್ನೇ ಕೇಳಿ. ಡಿಸೆಂಬರ್‌ನಲ್ಲಿ ಕೇಳಿದರೆ ಉತ್ತರದ ಜೊತೆ ಕ್ರಿಸ್ಮಸ್ ತಿಂಡಿ ಕುಸ್ವಾರೂ ಸಿಗಬಹುದು.