ಹೆಬ್ಬೆಟ್ಟು ಒತ್ತಿಲ್ಲ, ಹಣ ಹೋಗಿದೆ: ಆಧಾರ್, ಸಿಮ್, ಸಾಲದ ಆ್ಯಪ್ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಎರಡು ತಿಂಗಳ ಹಿಂದೆ ಜಮೀನು ಮಾರಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಮೊನ್ನೆ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮೂರು ಸಲ 10,000 ರೂಪಾಯಿಯಂತೆ ಹಣ ಹೋಗಿದೆ. ಎದುರಿಗೆ ‘ಎಇಪಿಎಸ್’ ಎಂದಿದೆ. ಒಟಿಪಿ ಬಂದಿಲ್ಲ, ಮೆಸೇಜೂ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ ‘ನಿಮ್ಮ ತಂದೆಯ ಬೆರಳಚ್ಚೇ ಬಿದ್ದಿದೆ’ ಅನ್ನುತ್ತಾರೆ. ಏನು ಮಾಡಬೇಕು? — ಹಾಸನ ಜಿಲ್ಲೆಯ ಓದುಗರು

ಉತ್ತರ: ಈ ಪತ್ರ ಓದುತ್ತಿರುವಾಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ. ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇಂದೇ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳಿ. ಉಳಿದದ್ದನ್ನು ಆಮೇಲೆ ನೋಡೋಣ.

ಇಷ್ಟು ಅವಸರ ಏಕೆಂದರೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನಡೆಯುವುದೇ ದಿನದ ಲೆಕ್ಕದ ಮೇಲೆ. ತಪ್ಪು ಗ್ರಾಹಕರದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನಿಂದ ಮಾಹಿತಿ ಸಿಕ್ಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ‘ಮಾಹಿತಿ ಸಿಕ್ಕ ದಿನ’ ಎಂಬುದನ್ನು ಗಮನಿಸಿ. ಮೆಸೇಜ್ ಬಂದೇ ಇಲ್ಲವಾದರೆ ಪಾಸ್‌ಬುಕ್ ಎಂಟ್ರಿಯಾದ ದಿನವೇ ಗೊತ್ತಾಗಿದ್ದು ಎಂದು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ದೂರು ಕೊಟ್ಟ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ಪ್ರಕರಣ ಮುಗಿಸಬೇಕು. ಗ್ರಾಹಕರದೇ ತಪ್ಪು ಎಂದು ತೋರಿಸುವ ಹೊಣೆಯನ್ನೂ ಅದೇ ಸುತ್ತೋಲೆ ಬ್ಯಾಂಕಿನ ಮೇಲೆ ಹಾಕಿದೆ.

ಹಣ ಹೋದದ್ದು ಹೇಗೆ? ಎಇಪಿಎಸ್ ಎಂದರೆ ಬ್ಯಾಂಕ್ ಮಿತ್ರರ (ಊರಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಏಜೆಂಟರ) ಬಳಿ ಇರುವ ಸಣ್ಣ ಯಂತ್ರದಲ್ಲಿ ಹೆಬ್ಬೆಟ್ಟು ಇಟ್ಟು ಹಣ ತೆಗೆಯುವ ವ್ಯವಸ್ಥೆ. ಅದಕ್ಕೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಖಾತೆ ಸಂಖ್ಯೆ ಬೇಡ, ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕಿನ ಹೆಸರನ್ನು ಪರದೆಯ ಮೇಲಿನ ಪಟ್ಟಿಯಿಂದ ಆರಿಸುವುದರಿಂದ ಕಳ್ಳರು ಒಂದೊಂದನ್ನೇ ಒತ್ತಿ ನೋಡಬಹುದು. ಒಂದು ಸಲಕ್ಕೆ 10,000 ರೂಪಾಯಿ ಮಿತಿ. ನಿಮ್ಮ ಪಾಸ್‌ಬುಕ್ಕಿನಲ್ಲಿ ಅದೇ ಮೊತ್ತ ಮತ್ತೆ ಮತ್ತೆ ಕಾಣುತ್ತಿರುವುದು ಇದಕ್ಕೇ.

ಕ್ರಯಪತ್ರದ ಮೇಲಿನ ಅನುಮಾನ ಆಧಾರವಿಲ್ಲದ್ದಲ್ಲ. ನೋಂದಣಿ ಕಾಯ್ದೆಯ 32ಎ ಕಲಮು ಪತ್ರಕ್ಕೆ ಫೋಟೊ ಮತ್ತು ಬೆರಳಚ್ಚು ಬೇಕೆನ್ನುತ್ತದೆ. 57ನೇ ಕಲಮು ಸ್ಥಿರಾಸ್ತಿ ಪತ್ರಗಳ ಪ್ರತಿಯನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಲು ಬಿಡುತ್ತದೆ. ಕಾಗದದ ಕಾಲದಲ್ಲಿ ಇವೆರಡೂ ಒಟ್ಟಿಗೆ ಇದ್ದರೂ ತೊಂದರೆ ಇರಲಿಲ್ಲ. ಪತ್ರ ಸ್ಕ್ಯಾನ್ ಆಗಿ ಜಾಲತಾಣಕ್ಕೆ ಬಂದಾಗ ಆಧಾರ್ ಸಂಖ್ಯೆಯೂ ಹೆಬ್ಬೆಟ್ಟೂ ಒಂದೇ ಪುಟದಲ್ಲಿ ಸಿಕ್ಕವು. 2023ರಲ್ಲಿ ಕರ್ನಾಟಕದಲ್ಲಿ ಇಂಥ ದೂರುಗಳು ಬಂದ ಮೇಲೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಶುರುವಾಯಿತು. ಅದಕ್ಕೂ ಮೊದಲು ಹೊರಬಿದ್ದ ಪ್ರತಿಗಳು ಎಲ್ಲೆಲ್ಲಿವೆಯೋ ಅಲ್ಲಲ್ಲೇ ಇವೆ. ನಿಮ್ಮ ತಂದೆಯ ವಿಷಯದಲ್ಲಿ ಸೋರಿದ್ದು ಅಲ್ಲಿಂದಲೇ ಎಂದು ಈಗಲೇ ಹೇಳಲಾಗದು. ಹೆಬ್ಬೆಟ್ಟು ಇಟ್ಟ ಬೇರೆ ಯಾವ ಜಾಗವೂ ಆಗಿರಬಹುದು, ಪೊಲೀಸರಿಗೆ ಎಲ್ಲವನ್ನೂ ಪಟ್ಟಿ ಮಾಡಿ ಕೊಡಿ.

ಇನ್ನು ‘ಬೆರಳಚ್ಚೇ ಬಿದ್ದಿದೆ’ ಎಂಬ ಮಾತು. ಅದಕ್ಕೆ ಉತ್ತರ ಕಾಗದದಲ್ಲಿರಬೇಕು. ಮೈಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಿ ‘ಅಥೆಂಟಿಕೇಶನ್ ಹಿಸ್ಟರಿ’ ತೆರೆದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂಸ್ಥೆಯ ಮೂಲಕ ಬೆರಳಚ್ಚು ಬಳಕೆಯಾಗಿದೆ ಎಂದು ತೋರಿಸುತ್ತದೆ. ಅಲ್ಲಿ ಸಿಗುವುದು ಹಿಂದಿನ ಆರು ತಿಂಗಳಿನದು ಮಾತ್ರ, ಅದೂ 50 ದಾಖಲೆ, ತಡಮಾಡದೆ ಇಳಿಸಿಕೊಳ್ಳಿ. ಬ್ಯಾಂಕಿನಿಂದ ಪ್ರತಿ ವಹಿವಾಟಿನ 12 ಅಂಕಿಯ ಆರ್‌ಆರ್‌ಎನ್ (ವಹಿವಾಟಿನ ಗುರುತು ಸಂಖ್ಯೆ), ಟರ್ಮಿನಲ್ (ಬೆರಳು ಇಟ್ಟ ಯಂತ್ರದ) ಸಂಖ್ಯೆ, ಆ ಟರ್ಮಿನಲ್ ಇರುವ ಊರು ಇವನ್ನು ಬರಹದಲ್ಲಿ ಕೇಳಿ. ಯಂತ್ರ ಬೇರೆ ರಾಜ್ಯದಲ್ಲಿದ್ದು ತಂದೆ ಅಂದು ಊರಿನಲ್ಲೇ ಇದ್ದರೆ, ವಾದ ಅಲ್ಲಿಗೇ ಮುಗಿಯುತ್ತದೆ. ಆರ್‌ಆರ್‌ಎನ್ ಇಲ್ಲದೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧದ ಪೊಲೀಸ್) ಠಾಣೆಗೆ ಹೋದರೆ ಅವರೂ ಮೊದಲು ಅದನ್ನೇ ಕೇಳುತ್ತಾರೆ. 30 ದಿನದಲ್ಲಿ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಿ. ದೂರಿಗೆ ಶುಲ್ಕವಿಲ್ಲ, ಸಹಾಯವಾಣಿ 14448.

ಮೆಸೇಜ್ ಏಕೆ ಬರಲಿಲ್ಲ ಎಂಬುದನ್ನೂ ಪತ್ತೆ ಮಾಡಿ. ಬಹುಪಾಲು ಮನೆಗಳಲ್ಲಿ ಖಾತೆ ತೆರೆದಾಗ ಕೊಟ್ಟ ನಂಬರ್ ಯಾವಾಗಲೋ ರೀಚಾರ್ಜ್ ಇಲ್ಲದೆ ನಿಂತಿರುತ್ತದೆ. ಸಂಪರ್ಕ ಕಡಿದ 90 ದಿನಗಳ ನಂತರ ಕಂಪನಿ ಆ ನಂಬರನ್ನು ಇನ್ನೊಬ್ಬರಿಗೆ ಕೊಡಬಹುದು. ಆಗ ತಂದೆಯ ಖಾತೆಯ ಮೆಸೇಜ್ ಯಾರೋ ಅಪರಿಚಿತರ ಫೋನಿನಲ್ಲಿ ಟಿಂಗ್ ಅನ್ನುತ್ತಿರುತ್ತದೆ.

ಮುಂದಕ್ಕೆ ಎರಡು ಬೀಗಗಳಿವೆ. ಒಂದು, ಮೈಆಧಾರ್ ತಾಣದಲ್ಲಿ ಅಥವಾ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್. ಹಾಕಿದ ಮೇಲೆ ಬೆರಳು, ಕಣ್ಣು, ಮುಖ ಯಾವುದೂ ನಡೆಯುವುದಿಲ್ಲ. ಯಂತ್ರದಲ್ಲಿ 330 ಎಂಬ ದೋಷಸಂಖ್ಯೆ ಬರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಸಾಲಿನಲ್ಲಿ ನಿಂತು ‘ನಿಮ್ಮ ಬೆರಳು ತಗೊಳ್ತಿಲ್ಲ’ ಅನ್ನಿಸಿಕೊಂಡು ಬರಿಗೈಲಿ ಬರುವವರಲ್ಲಿ ಕೆಲವರು ಲಾಕ್ ಹಾಕಿದ್ದನ್ನೇ ಮರೆತವರು. ಬೇಕಾದಾಗ ಹತ್ತು ನಿಮಿಷಕ್ಕೆ ತೆರೆಯಬಹುದು, ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಇನ್ನೊಂದು, ಬ್ಯಾಂಕ್ ಶಾಖೆಯಲ್ಲಿ ‘ಎಇಪಿಎಸ್ ಡೆಬಿಟ್ ಸೌಲಭ್ಯ ನಿಲ್ಲಿಸಿ’ ಎಂದು ಅರ್ಜಿ ಕೊಡುವುದು. ಇಲ್ಲಿ ಎಚ್ಚರ: ‘ಡೆಬಿಟ್ ಮಾತ್ರ’ ಎಂದು ಬರೆಯಿರಿ. ಗುಮಾಸ್ತರು ಆಧಾರ್ ಜೋಡಣೆಯನ್ನೇ ತೆಗೆದುಹಾಕಿದರೆ ಗೃಹಲಕ್ಷ್ಮಿ, ಪಿಂಚಣಿ, ಕಿಸಾನ್ ಸಮ್ಮಾನ್ ಹಣ ಬರುವುದು ನಿಲ್ಲುತ್ತದೆ. ಎಟಿಎಂ ದೂರವಿದ್ದು ಬ್ಯಾಂಕ್ ಮಿತ್ರರ ಬಳಿಯೇ ಪಿಂಚಣಿ ತೆಗೆಯುವ ವೃದ್ಧರಿಗೆ ಎರಡನೆಯದು ಬೇಡ. ಮನೆಯಲ್ಲಿ ಯಾರಾದರೂ ಫೋನ್ ಬಳಸಬಲ್ಲವರಿದ್ದರೆ ಮೊದಲನೆಯದು ಸಾಕು.

ಪ್ರಶ್ನೆ: ಪಿಜಿ, ಲಾಡ್ಜ್, ಕೊರಿಯರ್, ಎಲ್ಲರೂ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಕೊಡದಿದ್ದರೆ ರೂಮಿಲ್ಲ. ಕೊಟ್ಟರೆ ಅಪಾಯವೇ? — ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಓದುಗರು

ಉತ್ತರ: ಈ ಗೊಂದಲ ನಿಮ್ಮೊಬ್ಬರದಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ‘ಜೆರಾಕ್ಸ್ ಕೊಡಬೇಡಿ, ದುರ್ಬಳಕೆಯಾದೀತು’ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ, ಅಪಾರ್ಥಕ್ಕೆ ಎಡೆಯಾಗುತ್ತದೆ ಎಂದು ಕೇಂದ್ರ ಅದನ್ನು ಹಿಂಪಡೆಯಿತು. ನಮ್ಮ ಅಭಿಪ್ರಾಯದಲ್ಲಿ ಬೆಂಗಳೂರು ಕಚೇರಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

‘ಮಾಸ್ಕ್ಡ್ ಆಧಾರ್’ ಇಳಿಸಿಕೊಳ್ಳಿ. ಮೈಆಧಾರ್‌ನಲ್ಲಿ ‘ಡೌನ್‌ಲೋಡ್ ಆಧಾರ್’ ಒತ್ತಿದಾಗ ಈ ಆಯ್ಕೆ ಇರುತ್ತದೆ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ವಿಳಾಸ, ಫೋಟೊ, ಕ್ಯೂಆರ್ ಎಲ್ಲ ಇರುವುದರಿಂದ ಗುರುತಿಗೆ ಸಾಕು. ಲಾಡ್ಜಿನವರಿಗೆ ಬೇಕಾದದ್ದು ಗುರುತಿನ ಚೀಟಿ. ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿ ಕೊಟ್ಟರೂ ಆಗುತ್ತದೆ. ಜೆರಾಕ್ಸ್ ಕೊಡಲೇಬೇಕಾದರೆ ಫೋಟೊ ಮತ್ತು ಅಕ್ಷರಗಳ ಮೇಲೆ ಹಾಯುವಂತೆ ‘ಇಂಥ ಪಿಜಿ ವಾಸ್ತವ್ಯಕ್ಕೆ ಮಾತ್ರ’ ಎಂದು ದಿನಾಂಕ ಹಾಕಿ ಸಹಿ ಮಾಡಿ. ಅದು ದುರ್ಬಳಕೆಯನ್ನು ತಡೆಯದು. ಆದರೆ ಅದೇ ಪ್ರತಿ ನಾಳೆ ಸಿಮ್ ಅರ್ಜಿಯ ಜೊತೆ ಸಿಕ್ಕರೆ ಎಲ್ಲಿಂದ ಹೋಯಿತೆಂದು ಗೊತ್ತಾಗುತ್ತದೆ.

ನಿಜವಾದ ಸೋರಿಕೆ ಪಿಜಿಗಿಂತ ಮೊದಲೇ, ಪ್ರಿಂಟ್ ತೆಗೆಸುವ ಅಂಗಡಿಯಲ್ಲಿ ಆಗಿರುತ್ತದೆ. ‘ಈ ನಂಬರಿಗೆ ವಾಟ್ಸ್ಆ್ಯಪ್ ಮಾಡಿ’ ಅನ್ನುತ್ತಾರೆ. ನೀವು ಕಳಿಸಿದ್ದು ಅಂಗಡಿಯ ಕಂಪ್ಯೂಟರಿನ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಕೂರುತ್ತದೆ. ನಿಮ್ಮ ಫೋನಿನಲ್ಲಿ ‘ಡಿಲೀಟ್ ಫಾರ್ ಎವರಿವನ್’ ಒತ್ತಿದರೂ ಇಳಿದ ಕಡತ ಅಲ್ಲೇ ಉಳಿಯುತ್ತದೆ. ಪಾಸ್‌ವರ್ಡ್ ಇದೆಯಲ್ಲ ಅನ್ನಬೇಡಿ. ಇ-ಆಧಾರ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಊರಿಗೆಲ್ಲ ಗೊತ್ತಿರುವ ಸೂತ್ರ. ಪ್ರಿಂಟ್ ಆದ ಮೇಲೆ ಎದುರಿಗೇ ನಿಂತು ಆ ಫೋಲ್ಡರಿನಿಂದಲೂ ರೀಸೈಕಲ್ ಬಿನ್‌ನಿಂದಲೂ ಅಳಿಸಲು ಹೇಳಿ.

ಪ್ರಶ್ನೆ: ನನ್ನ ಹೆಸರಿನಲ್ಲಿ ಬೇರೆಯವರು ಸಿಮ್ ತೆಗೆದುಕೊಂಡಿದ್ದಾರೆಯೇ ಎಂದು ನೋಡುವುದು ಹೇಗೆ? — ಶಿವಮೊಗ್ಗದ ಓದುಗರು

ಉತ್ತರ: ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ‘ನಿಮ್ಮ ಹೆಸರಿನ ಮೊಬೈಲ್ ಸಂಪರ್ಕಗಳು’ ಎಂಬ ವಿಭಾಗವಿದೆ. ನಿಮ್ಮ ನಂಬರ್ ಹಾಕಿ, ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ಪ್ರತಿಯೊಂದರ ಎದುರು ‘ನನ್ನದಲ್ಲ’, ‘ಬೇಡ’, ‘ಬೇಕು’ ಎಂಬ ಆಯ್ಕೆಗಳು. ಒತ್ತುವ ಮೊದಲು ಮನೆಯವರ ನಂಬರುಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಮಗಳಿಗೆ ತಂದೆಯ ಹೆಸರಿನಲ್ಲಿ ಕೊಡಿಸಿದ ಸಿಮ್‌ಗೆ ‘ನನ್ನದಲ್ಲ’ ಒತ್ತಿ, ಪರೀಕ್ಷೆಯ ಹೊತ್ತಿಗೆ ಅವಳ ಫೋನ್ ಸತ್ತುಹೋಗುವ ಸಂಭವ ಇದ್ದೇ ಇದೆ. ಒತ್ತಿದ ನಂತರ ಬರುವ ಕೋರಿಕೆ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕರ್ನಾಟಕದಲ್ಲಿ ಒಬ್ಬರಿಗೆ ಒಂಬತ್ತು ಸಿಮ್ ಮಿತಿ. 2023ರ ದೂರಸಂಪರ್ಕ ಕಾಯ್ದೆಯಂತೆ ಮಿತಿ ಮೀರಿದರೆ ಮೊದಲ ಸಲ 50,000 ರೂಪಾಯಿವರೆಗೆ ದಂಡವಿದೆ. ಹಾಗಾಗಿ ಗೊತ್ತಿಲ್ಲದ ಸಿಮ್ ಇದ್ದರೆ ಸುಮ್ಮನಿರಬೇಡಿ.

ಇಂಥ ಸಿಮ್ ಹುಟ್ಟುವುದು ಸಾಮಾನ್ಯವಾಗಿ ಅಂಗಡಿಯ ಕೌಂಟರಿನಲ್ಲಿ. ‘ಸರ್ವರ್ ಸರಿ ಇಲ್ಲ, ಇನ್ನೊಂದ್ಸಲ ಬೆರಳು ಇಡಿ’ ಎಂದು ಎರಡನೇ ಸಲ ಇಡಿಸಿ, ಅದರಲ್ಲಿ ಮತ್ತೊಂದು ಸಿಮ್ ಚಾಲೂ ಮಾಡುತ್ತಾರೆ. ಎರಡನೇ ಸಲ ಕೇಳಿದರೆ ಮೊದಲು ವಿಫಲವಾದ ಪರದೆ ತೋರಿಸಿ ಅನ್ನಿ. ಆಧಾರ್‌ಗೆ ಇಮೇಲ್ ಜೋಡಿಸಿದ್ದರೆ ಪ್ರತಿ ಬಳಕೆಗೂ ಒಂದು ಇಮೇಲ್ ಬರುತ್ತದೆ. ಎರಡು ಬಂದರೆ ಲೆಕ್ಕ ಸಿಕ್ಕಂತೆ.

ಪ್ರಶ್ನೆ: ತಮ್ಮ ಒಂದು ಆ್ಯಪ್‌ನಲ್ಲಿ 8,000 ಸಾಲ ತೆಗೆದಿದ್ದ. ಈಗ ಅವನ ಫೋಟೊ ತಿದ್ದಿ ನೆಂಟರಿಗೆಲ್ಲ ಕಳಿಸುತ್ತಿದ್ದಾರೆ. ಕಟ್ಟಿದಷ್ಟೂ ಮತ್ತೆ ಕೇಳುತ್ತಾರೆ. — ಕಲಬುರಗಿಯ ಓದುಗರು

ಉತ್ತರ: ಮತ್ತೆ ಕಟ್ಟಬೇಡಿ, ಆ್ಯಪನ್ನು ಈಗಲೇ ತೆಗೆಯಲೂ ಬೇಡಿ. ಮೊದಲು ಆ್ಯಪ್‌ನ ಹೆಸರು, ಸಾಲದ ವಿವರದ ಪುಟ, ಹಣ ಕಟ್ಟಿದ ಯುಪಿಐ ಐಡಿ, ಬೆದರಿಕೆ ಬಂದ ನಂಬರುಗಳು, ಕಳಿಸಿದ ಫೋಟೊ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ನಂತರ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಟ್ಯಾಕ್ಟ್ಸ್, ಗ್ಯಾಲರಿ, ಎಸ್ಎಂಎಸ್ ಅನುಮತಿ ಕಿತ್ತುಹಾಕಿ, ಆಮೇಲೆ ಆ್ಯಪ್ ತೆಗೆಯಿರಿ. ಈಗಾಗಲೇ ಹೋದ ಕಾಂಟ್ಯಾಕ್ಟ್ ಪಟ್ಟಿ ವಾಪಸು ಬರುವುದಿಲ್ಲ. ಆದ್ದರಿಂದ ನೆಂಟರಿಗೆ ನೀವೇ ಒಂದು ಸಾಲಿನ ಮೆಸೇಜ್ ಹಾಕಿ: ಫೋಟೊ ನಕಲಿ, ಪೊಲೀಸ್ ದೂರಾಗಿದೆ, ಉತ್ತರಿಸಬೇಡಿ, ಸ್ಕ್ರೀನ್‌ಶಾಟ್ ಕಳಿಸಿ. ಬೆದರಿಸುವವನ ಬಲವೆಲ್ಲ ನಾಚಿಕೆಯ ಮೇಲೆ ನಿಂತಿದೆ.

ಅಸಲಿ ಸಾಲದಾತರಾಗಿದ್ದರೆ ಅವರಿಗೆ ನೆಂಟರ ನಂಬರ್ ಸಿಗುವ ಹಾಗೇ ಇಲ್ಲ. ಫೋನಿನ ಕಾಂಟ್ಯಾಕ್ಟ್ಸ್, ಕರೆ ದಾಖಲೆ, ಕಡತಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮ 2022ರಿಂದಲೂ ಹೇಳುತ್ತಿದೆ. ಸಾಲದ ಹಣ ಸಂಸ್ಥೆಯ ಖಾತೆಯಿಂದ ನೇರವಾಗಿ ಬರಬೇಕು, ಮರುಪಾವತಿಯೂ ಸಂಸ್ಥೆಯ ಖಾತೆಗೇ ಹೋಗಬೇಕು. ಯುಪಿಐನಲ್ಲಿ ಯಾರೋ ವ್ಯಕ್ತಿಯ ಹೆಸರು ಕಂಡರೆ ಅದು ಸಾಲ ವಸೂಲಿಯಲ್ಲ, ಸುಲಿಗೆ. ದೂರನ್ನು 1930ಕ್ಕೆ ಮತ್ತು ಸಿಇಎನ್ ಠಾಣೆಗೆ ಕೊಡಿ. ಭಾರತೀಯ ನ್ಯಾಯ ಸಂಹಿತೆಯ 308 (ಸುಲಿಗೆ), 351 (ಬೆದರಿಕೆ) ಕಲಮುಗಳನ್ನು ನಮೂದಿಸಲು ಕೇಳಿ. ರಿಸರ್ವ್ ಬ್ಯಾಂಕಿನ ದೂರು ತಾಣ ‘ಸಚೇತ್’ನಲ್ಲೂ ದಾಖಲಿಸಿ. ಅಧಿಕೃತ ಸಾಲದ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ತಾಣದಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಡತವಾಗಿ ಬರುವ ಯಾವ ಸಾಲದ ಆ್ಯಪನ್ನೂ ಹಾಕಿಕೊಳ್ಳಬೇಡಿ.

ಪ್ರಶ್ನೆ: ಡೇಟಾ ರಕ್ಷಣೆಗೆ ಕಾನೂನು ಬಂತಲ್ಲ. ನನ್ನ ನಂಬರ್ ಅಳಿಸಿ ಎಂದು ರಿಯಲ್ ಎಸ್ಟೇಟ್ ಕಂಪನಿಗೆ ನೋಟಿಸ್ ಕೊಡಬಹುದೇ? — ಮೈಸೂರಿನ ಓದುಗರು

ಉತ್ತರ: ಕೊಡಬಹುದು, ಆದರೆ ಅದಕ್ಕೆ ಹಲ್ಲು ಬರಲು 2027ರ ಮೇ ತನಕ ಕಾಯಬೇಕು. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ ಹಿಂಪಡೆಯುವ, ಮಾಹಿತಿ ಅಳಿಸಲು ಕೇಳುವ ಹಕ್ಕುಗಳು ಅಲ್ಲಿಂದ 18 ತಿಂಗಳ ನಂತರ ಜಾರಿ. ವೈಯಕ್ತಿಕ ಮಾಹಿತಿ ಎಂದು ಅರ್ಜಿ ನಿರಾಕರಿಸಲು ಬಿಡುವ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬಿಗಿಗೊಳಿಸಲು ಇದೇ ಕಾಯ್ದೆ ತಂದ ತಿದ್ದುಪಡಿಗೆ ಮಾತ್ರ ಇಂಥ ವಾಯಿದೆ ಏನೂ ಇರಲಿಲ್ಲ, ಅದು ಕೂಡಲೇ ಜಾರಿಯಾಯಿತು! ಆದ್ಯತೆ ಯಾವುದಕ್ಕೆಂದು ನೀವೇ ಊಹಿಸಿ. ಅಲ್ಲಿಯವರೆಗೆ ಇರುವ ಐಟಿ ಕಾಯ್ದೆಯ 43ಎ ಕಲಮು ಹಾಗೂ 2011ರ ನಿಯಮಗಳು ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ, ಬಯೋಮೆಟ್ರಿಕ್ ಇವನ್ನು ಸೂಕ್ಷ್ಮ ಎನ್ನುತ್ತವೆ. ಫೋನ್ ನಂಬರ್ ಆ ಪಟ್ಟಿಯಲ್ಲಿಲ್ಲ.

ಹೊಸ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶ: ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಅದರಲ್ಲಿ ಕನ್ನಡವೂ ಇದೆ.

ಸದ್ಯಕ್ಕೆ ನಿಮಗೆ ಕೆಲಸಕ್ಕೆ ಬರುವುದು ಡಿಎನ್‌ಡಿ. 1909ಕ್ಕೆ ಕರೆ ಮಾಡಿ ಪ್ರಚಾರದ ಕರೆ ಬೇಡವೆಂದು ನೋಂದಾಯಿಸಿ. ಆಮೇಲೂ ಕರೆ ಬಂದರೆ ಏಳು ದಿನದೊಳಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಹಾಕಿ. ಕರೆ ಬಂದ ನಂಬರ್, ದಿನಾಂಕ, ಎರಡು ಮಾತಿನ ವಿವರ ಬೇಕು.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಅನ್ನುತ್ತಾರೆ. ನಿಜವೇ? — ಹುಬ್ಬಳ್ಳಿಯ ಓದುಗರು

ಉತ್ತರ: ಇಲ್ಲ. ನಂಬರಿಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. ‘ನಂಬರ್ ಇಲ್ಲದೆ ಬಿಲ್ ಹಾಕಿ, ಕಾಗದದ ಬಿಲ್ ಕೊಡಿ’ ಅನ್ನಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.