ದೇವರ ಮೇಲೆ ಸಿಟ್ಟು ಬಂದರೆ

ಪ್ರಶ್ನೆ: ಕೆಲಸ ಸಿಕ್ಕಾಗ, ಮಗಳು ಹುಟ್ಟಿದಾಗ, ಸಾಲ ತೀರಿದಾಗ ‘ಎಲ್ಲ ದೇವರ ದಯೆ’ ಎಂದವಳು ನಾನು. ಕಳೆದ ವರ್ಷ ತಮ್ಮ ಹಾಸಿಗೆ ಹಿಡಿದ. ಅವನಿಗಾಗಿ ಬೇಡಿಕೊಳ್ಳದ ದಿನವಿರಲಿಲ್ಲ. ಆದರೂ ಉಳಿಯಲಿಲ್ಲ. ‘ನಿನ್ನ ಭಕ್ತಿಯಲ್ಲೇ ಏನೋ ಕೊರತೆಯಿತ್ತು’ ಎಂದು ಹತ್ತಿರದವರೇ ಹೇಳುತ್ತಾರೆ. ಈಗ ಪ್ರಾರ್ಥನೆಗೆ ಕುಳಿತರೆ ಸಿಟ್ಟು ಉಕ್ಕುತ್ತದೆ. ಅವೆಲ್ಲ ದಯೆಯಾದರೆ ಇದನ್ನು ಏನೆಂದು ಕರೆಯಲಿ ಅಮ್ಮಾ?
– ಹೆಸರು ಬೇಡವೆಂದಿರುವ ಓದುಗರು

ಉತ್ತರ: ಮಗಳೇ, ಆ ಹತ್ತಿರದವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ತಮ್ಮನ ಸಾವಿನ ಮೇಲೆ ಅವರು ಇನ್ನೊಂದು ಭಾರ ಹೊರಿಸಿದ್ದಾರೆ. ಬೈಬಲ್ಲಿನ ಯೋಬನ ಕಥೆ ನಿನಗೆ ಗೊತ್ತಿರಬಹುದು. ಏಳು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು, 7,000 ಕುರಿ, 3,000 ಒಂಟೆಗಳಿದ್ದ ಮನುಷ್ಯ. ಎಲ್ಲವೂ ಹೋಯಿತು, ಮೈತುಂಬ ಹುಣ್ಣಾಯಿತು. ಮೂವರು ಗೆಳೆಯರು ಬಂದು ಏಳು ಹಗಲು, ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಬಾಯಿ ತೆರೆದ ಮೇಲೆ ಹೇಳಿದ್ದು, ನಿನ್ನ ಸಂಬಂಧಿಕರು ಹೇಳುವುದನ್ನೇ: ನೀನು ಏನೋ ತಪ್ಪು ಮಾಡಿರಬೇಕು, ಇಲ್ಲವಾದರೆ ದೇವರು ಹೀಗೇಕೆ ಮಾಡಿಯಾನು? ಯೋಬ ಒಪ್ಪಲಿಲ್ಲ. ತಾನು ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನೇ ನ್ಯಾಯಕ್ಕೆ ಕರೆದ. ದೇವರು ಅವನ ಪ್ರಶ್ನೆಗೆ ನೇರ ಉತ್ತರವನ್ನಂತೂ ಕೊಡಲಿಲ್ಲ. ‘ನಾನು ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ’ ಎಂದು ಗದರಿದ. ಆದರೆ ಕೊನೆಯ ಅಧ್ಯಾಯದಲ್ಲಿ ದೇವರು ಕೋಪಗೊಂಡದ್ದು ಯಾರ ಮೇಲೆ? ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತನಾಡಲಿಲ್ಲ, ಯೋಬನೇ ಮಾತನಾಡಿದ ಎಂದುಬಿಟ್ಟ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ನಮ್ಮ ದಾಸರಲ್ಲಿ ನಿಂದಾಸ್ತುತಿ ಎಂಬ ಒಂದು ಬಗೆಯೇ ಇದೆಯಲ್ಲ, ದೇವರನ್ನು ಬೈಯುತ್ತಲೇ ಹೊಗಳುವುದು. ಅಷ್ಟು ಸಲುಗೆಗೆ ಅಲ್ಲಿ ಜಾಗವಿದೆ. ನನ್ನ ಪತಿ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ನಾನು ಸ್ತೋತ್ರ ಹೇಳಿದ್ದು ಕಡಿಮೆ, ಜಗಳವಾಡಿದ್ದೇ ಹೆಚ್ಚು. ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು, ಔಷಧಿ ಚೀಟಿಗಳನ್ನು ಕೈಯಲ್ಲಿ ಹಿಡಿದು, ‘ನಿನಗೆ ಕಣ್ಣಿಲ್ಲವೇ’ ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ. ಅವರು ಮನೆಗೆ ಮರಳಲಿಲ್ಲ. ಆದರೆ ಇಲ್ಲದವನ ಮೇಲೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ ಎಂಬುದು ಮಾತ್ರ ನನಗೆ ಅಲ್ಲಿಯೇ ತಿಳಿಯಿತು. ನಿನ್ನ ಸಿಟ್ಟಿಗೆ ಹೆದರಿ ಪ್ರಾರ್ಥನೆ ಬಿಡಬೇಡ. ಸಿಟ್ಟನ್ನೇ ತೆಗೆದುಕೊಂಡು ಹೋಗಿ ಅವನ ಮುಂದೆ ಕುಳಿತುಕೋ.

ಇನ್ನು ಇದನ್ನು ಏನೆಂದು ಕರೆಯಲಿ ಎಂದೆ. ದಯೆ ಎಂದು ಕರೆಯಬೇಡ. ಒಬ್ಬ ತಮ್ಮನ ಸಾವನ್ನು ‘ಎಲ್ಲ ಒಳ್ಳೆಯದಕ್ಕೆ’ ಎನ್ನುವವರನ್ನು ನಾನು ನಂಬುವುದಿಲ್ಲ. ಅದು ದುಃಖ, ದುಃಖವೆಂದೇ ಕರೆ. ಆದರೆ ನಿನ್ನ ಪತ್ರವನ್ನು ಮತ್ತೆ ಓದಿದಾಗ ಒಂದು ವಿಷಯ ಕಾಡಿತು. ದಯೆಯ ಪಟ್ಟಿಯಲ್ಲಿ ಕೆಲಸವಿದೆ, ಮಗಳಿದ್ದಾಳೆ, ಸಾಲ ತೀರಿದ್ದೂ ಇದೆ, ತಮ್ಮ ಇಲ್ಲ. ಅವನು ನಿನ್ನ ಜೊತೆ ಆಡಿ ಬೆಳೆದ ಅಷ್ಟೂ ವರ್ಷಗಳು ಯಾರು ಕೊಟ್ಟದ್ದು? ಅವನು ಹೋದ ರೀತಿಗೆ ಉತ್ತರ ಸಿಗುವವರೆಗೆ ಅವನು ಬಂದದ್ದಕ್ಕೆ ಕೃತಜ್ಞತೆ ಕಾಯಬೇಕಿಲ್ಲ. ಒಂದು ಕಣ್ಣೀರಿನಲ್ಲಿ ಎರಡೂ ಇರಬಹುದು.

ಪ್ರಶ್ನೆ: ಕಷ್ಟ ಬಂದಾಗ ಮಾತ್ರ ನನಗೆ ದೇವರ ನೆನಪಾಗುತ್ತದೆ. ಇದು ಶುದ್ಧ ಸ್ವಾರ್ಥವಲ್ಲವೇ?
– ಒಬ್ಬ ವಿದ್ಯಾರ್ಥಿ

ಉತ್ತರ: ಸ್ವಾರ್ಥವೇ ಇರಲಿ, ನಾಚಿಕೆ ಬೇಡ. ಭಗವದ್ಗೀತೆಯ ಏಳನೆಯ ಅಧ್ಯಾಯದಲ್ಲಿ ಕೃಷ್ಣ ನಾಲ್ಕು ಬಗೆಯ ಭಕ್ತರನ್ನು ಹೇಳುತ್ತಾನೆ. ಮೊದಲ ಹೆಸರೇ ಆರ್ತ, ಸಂಕಟದಲ್ಲಿ ಕೂಗುವವನು. ಜ್ಞಾನಿ ತನಗೆ ತೀರ ಹತ್ತಿರ ಎನ್ನುತ್ತಾನೆ, ನಿಜ. ಆದರೆ ಅದರ ಜೊತೆಗೇ ‘ಇವರೆಲ್ಲರೂ ಉದಾರರೇ’, ಅಂದರೆ ಶ್ರೇಷ್ಠರೇ, ಎನ್ನುತ್ತಾನೆ. ನಿನ್ನನ್ನು ಬಾಗಿಲ ಹೊರಗೆ ನಿಲ್ಲಿಸಿಲ್ಲ.

ನನಗೆ ಆತಂಕವಾಗುವುದು ನಿನ್ನ ಸುಖದ ದಿನಗಳ ಬಗ್ಗೆ. ಕುರುಕ್ಷೇತ್ರ ಯುದ್ಧ ಮುಗಿದು, ಮಕ್ಕಳಿಗೆ ರಾಜ್ಯ ಬಂದಾಗ, ದ್ವಾರಕೆಗೆ ಹೊರಟ ಕೃಷ್ಣನ ಬಳಿ ಕುಂತಿ ಕೇಳಿದ್ದು ಇನ್ನಷ್ಟು ವಿಪತ್ತುಗಳನ್ನು. ವಿಪತ್ತಿನಲ್ಲೇ ಅಲ್ಲವೇ ನಿನ್ನ ದರ್ಶನವಾಗಿದ್ದು ಎಂದು. ಭಾಗವತದ ಮೊದಲ ಸ್ಕಂಧದಲ್ಲಿದೆ. ಕುಲ, ಐಶ್ವರ್ಯ, ವಿದ್ಯೆ, ರೂಪಗಳಿಂದ ಮದವೇರಿದವನ ನಾಲಿಗೆಗೆ ನಿನ್ನ ಹೆಸರು ಬರುವುದೇ ಇಲ್ಲ ಎಂದೂ ಸೇರಿಸುತ್ತಾಳೆ. ಅರಗಿನ ಮನೆಯನ್ನೂ ಮಕ್ಕಳ ವನವಾಸದ ವರ್ಷಗಳನ್ನೂ ಕಂಡ ತಾಯಿ ಆಡಿದ ಮಾತದು. ಅವಳಂತೆ ಕಷ್ಟ ಬೇಡಿಕೋ ಎಂದು ನಿನಗೆ ಹೇಳಲಾರೆ, ನನಗೂ ಆ ಎದೆಯಿಲ್ಲ. ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದ ದಿನ, ಹೆದರಿದ್ದ ರೋಗ ನಿನಗಿಲ್ಲವೆಂದು ವೈದ್ಯರು ಹೇಳಿದ ದಿನ, ಯಾರಿಗೂ ಫೋನ್ ಮಾಡುವ ಮೊದಲು ಅವನಿಗೆ ಹೇಳು. ಅದಕ್ಕೆ ಮಂತ್ರ ಬೇಕಿಲ್ಲ, ಎರಡು ನಿಮಿಷ ಸಾಕು.