ಓಖಿ ಚಂಡಮಾರುತದಲ್ಲಿ ಅಷ್ಟು ಮೀನುಗಾರರು ಸತ್ತದ್ದೇಕೆ? ಮಲ್ಪೆ ಬೋಟಿಗೂ ಆ ಗತಿ ಬರಬಹುದೇ?

ಬರಬಹುದು. ನನ್ನ ಪ್ರಕಾರ ಮುಖ್ಯ ಕಾರಣ, ಸುದ್ದಿ ಅವರಿಗೆ ಮುಟ್ಟಲೇ ಇಲ್ಲ. 2017ರ ನವೆಂಬರ್ 29ರಂದು ಬರೀ ವಾಯುಭಾರ ಕುಸಿತವಾಗಿದ್ದದ್ದು ಮರುದಿನ ಬೆಳಿಗ್ಗೆ ಕನ್ಯಾಕುಮಾರಿ ಹತ್ತಿರ ಚಂಡಮಾರುತ ಆಗಿಬಿಟ್ಟಿತ್ತು. ಕನ್ಯಾಕುಮಾರಿ ಜಿಲ್ಲೆಯ ಮೀನುಗಾರರ ಊರುಗಳಾದ ತೂತ್ತೂರು, ಚಿನ್ನತುರೈ ಕಡೆಯ ಆಳಸಮುದ್ರ ಬೋಟ್‌ಗಳು ಎಷ್ಟೋ ದಿನ ಮೊದಲೇ ಹೊರಟಿದ್ದವು. ಓಖಿ ಲಕ್ಷದ್ವೀಪದತ್ತ ಹೋದದ್ದು ಅವರು ಮೀನು ಹಿಡಿಯುವ ಜಾಗದ ಮೇಲಿಂದಲೇ. ಸತ್ತವರು, ಕಾಣೆಯಾದವರು ಸೇರಿ 300ಕ್ಕೂ ಹೆಚ್ಚು. "ಕಡಲಿಗೆ ಇಳಿಯಬೇಡಿ" ಎಂಬ ಎಚ್ಚರಿಕೆ ಆಗಲೇ ಇಳಿದವರಿಗೆ ಏನು ಉಪಯೋಗ?

ಬೋಟ್‌ನಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೊ ಉಂಟಲ್ಲ ಅನ್ನುತ್ತಾರೆ. ಅದರಲ್ಲಿ ಲೆಕ್ಕ ಆಂಟೆನಾ ಎತ್ತರದ್ದು. ಬೋಟ್‌ನಲ್ಲಿ 6 ಮೀಟರ್, ದಡದಲ್ಲಿ 50 ಮೀಟರ್ ಇದ್ದರೂ ಸಿಗುವುದು ಸುಮಾರು 20 ನಾಟಿಕಲ್ ಮೈಲು; ಬೋಟಿಂದ ಬೋಟಿಗೆ 10-11. ಹತ್ತು ದಿನದ ಟ್ರಿಪ್ಪಿಗೆ ಹೋಗುವ ತ್ರಿಸೆವೆಂಟಿ (ಆಳಸಮುದ್ರದ ದೊಡ್ಡ ಟ್ರಾಲ್) ಬೋಟಿಗೆ ಇದು ಸಾಲದು. ಹಾಗಾಗಿ ಇಸ್ರೋದ ಉಪಗ್ರಹ ಟ್ರಾನ್ಸ್‌ಪಾಂಡರ್ ಬೇಕು. ಅದರಲ್ಲಿ ಸಂದೇಶ ಉಪಗ್ರಹದ ಮೂಲಕ ದಡಕ್ಕೂ ಬೋಟಿಗೂ, ಎರಡೂ ಕಡೆಗೆ ಹೋಗುತ್ತದೆ. ಆಂಟೆನಾ ವೀಲ್‌ಹೌಸ್ (ಬೋಟ್ ನಡೆಸುವ ಕೋಣೆ) ಮೇಲೆ, ತೆರೆದ ಆಕಾಶಕ್ಕೆ ಇರಲಿ. ಬ್ಯಾಟರಿ ಬೇರೆಯೇ ಇಟ್ಟು, ಮೇಲೆಯೇ ಕಟ್ಟಿ. ಎಂಜಿನ್ ರೂಮಿಗೆ ನೀರು ನುಗ್ಗಿದರೆ ಅಲ್ಲಿನ ಬ್ಯಾಟರಿ ಮೊದಲು ಹೋಗುತ್ತದೆ.

ತೂಫಾನಿನಲ್ಲಿ ಎಂಜಿನ್ ಕೈಕೊಡುವುದು ಹೆಚ್ಚಾಗಿ ಡೀಸೆಲ್‌ನಿಂದ. ಟ್ಯಾಂಕ್ ತಳದ ಕೆಸರು, ನೀರು ಅಲೆಯ ಹೊಡೆತಕ್ಕೆ ಕದಡಿ ಫಿಲ್ಟರ್ ಕಟ್ಟುತ್ತದೆ. ಎಂಜಿನ್ ನಿಂತರೆ ಬೋಟ್ ಅಲೆಗೆ ಅಡ್ಡ ತಿರುಗುತ್ತದೆ, ಮಗುಚುವುದು ಆಗಲೇ. ಹೊರಡುವ ಮೊದಲು ಟ್ಯಾಂಕಿನ ತಳದ ನೀರು ಬಿಡಿ, ಹೆಚ್ಚುವರಿ ಫಿಲ್ಟರ್ ಇರಲಿ. ಎಂಜಿನ್ ನಿಂತರೆ ಹಳೆ ಬಲೆ, ಟಯರ್ ಸೇರಿಸಿ ಉದ್ದ ರೋಪಿನಲ್ಲಿ ಮುಂಭಾಗದಿಂದ ನೀರಿಗೆ ಬಿಡಿ. ಆ ಎಳೆತಕ್ಕೆ ಬೋಟ್ ಮುಖ ಅಲೆಯ ಕಡೆಗೆ ಉಳಿಯುತ್ತದೆ. ಡೆಕ್ ಮೇಲಿನ ಬಲೆಯ ಭಾರ ಕೆಳಗಿಳಿಸಿ, ಮೀನು ತುಂಬುವ ಹೋಲ್ಡ್ ಬಾಗಿಲು ಬಿಗಿ ಮಾಡಿ.

ಗಾಳಿಗೆ ಬೆನ್ನು ಕೊಟ್ಟು ನಿಂತರೆ ಚಂಡಮಾರುತದ ನಡು ನಿಮ್ಮ ಎಡಗಡೆ. 2021ರ ತೌಕ್ತೆಯ ಹಾಗೆ ಕರಾವಳಿಗುಂಟ ಉತ್ತರಕ್ಕೆ ಹೋಗುವ ಚಂಡಮಾರುತವಾದರೆ ನಾವಿರುವುದು ಅದರ ಬಲಗಡೆ, ಗಾಳಿ ಜೋರಿರುವ ಕಡೆ.

ದಡ ಕಂಡಿತೆಂದು ಅಳಿವೆಗೆ (ನದಿ ಕಡಲು ಸೇರುವ ಬಾಯಿಗೆ) ನುಗ್ಗಬೇಡಿ. ಇಳಿತದ ನೀರು ಹೊರಗೆ ಹರಿಯುವಾಗ ಗಂಗೊಳ್ಳಿ, ಬೆಂಗ್ರೆಯಂಥ ಕಡೆ ಮರಳು ದಿಬ್ಬದ ಮೇಲೆ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಮುನ್ಸೂಚನೆ ಬೇಗ ಸಿಕ್ಕಿದರೆ, ಹತ್ತಿರವಿದ್ದರೆ, ಕಾರವಾರದ ಬೈತಖೋಲ್ ಬಂದರು ವಾಸಿ. ಕೋಸ್ಟ್ ಗಾರ್ಡ್ ನಂಬರ್ 1554, ವಿಎಚ್‌ಎಫ್‌ನಲ್ಲಿ ಚಾನೆಲ್ 16.